ಹಪ್ಪಳ ಕೆಡುವುದು ಬಾಣಲೆಯಲ್ಲಲ್ಲ

ಪ್ರಶ್ನೆ: ಮಾಸ್ಟ್ರೇ, ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ. ಮನೆಯಲ್ಲೇ ಹಲಸಿನ ಹಪ್ಪಳ ಮಾಡಿ ಮಾರುತ್ತೇನೆ. ಜೊತೆಗೆ ಇಬ್ಬರು ಹೆಂಗಸರು ಕೆಲಸಕ್ಕೆ ಬರುತ್ತಾರೆ. ಎರಡು ವಿಷಯ ಕೇಳಬೇಕಿತ್ತು. ಮಗಳಿಗೆ ಹತ್ತು ವರ್ಷ. ಜಿಮ್ನಾಸ್ಟಿಕ್ಸ್‌ಗೆ ಸೇರಿಸಿ ಮೂರು ತಿಂಗಳಾಯಿತು. ಕೋಚ್ ಇನ್ನೂ ಗೋಡೆಗೆ ಕಾಲು ಆನಿಸಿ ತಲೆಕೆಳಗೆ ನಿಲ್ಲಿಸುವುದರಲ್ಲೇ ಇದ್ದಾರೆ. ಅವಳಿಗೆ ಮೊಬೈಲಿನಲ್ಲಿ ನೋಡಿದ ಹಾಗೆ ಹಿಂದಕ್ಕೆ ಲಾಗ ಹಾಕಬೇಕು ಎಂದು ಹಠ. ಮಂಚದ ಮೇಲೆ ಒಂದೆರಡು ಪ್ರಯತ್ನವೂ ಆಗಿದೆ. ಕೋಚನ್ನು ಬದಲಿಸಬೇಕಾ? ಎರಡನೆಯದು ನನ್ನದೇ. ಸಣ್ಣ ಉದ್ಯಮಿಗಳ ಸಭೆಗೆ ಎರಡು ಸಲ ಹೋದೆ. ಮೊದಲ ಸಲ ಬಾಗಿಲ ಹತ್ತಿರ ನಿಂತು ಚಾ ಕುಡಿದು ಬಂದೆ. ಎರಡನೇ ಸಲ ಧೈರ್ಯ ಮಾಡಿ 40 ಕಾರ್ಡು ಹಂಚಿದೆ. ಒಬ್ಬರೂ ಫೋನ್ ಮಾಡಲಿಲ್ಲ. ಮಲಯಾಳ ಮಾತಾಡುವಾಗ ನಾಲಿಗೆ ತಡವರಿಸುತ್ತದೆ ಬೇರೆ. ಇದು ನನಗೆ ಹೇಳಿ ಮಾಡಿಸಿದ್ದಲ್ಲ ಅಂತ ಬಿಟ್ಟುಬಿಡಲಾ?

ಉತ್ತರ: ಬಿಡಬೇಡಿ ಅಕ್ಕ. ಕೋಚನ್ನೂ ಬದಲಿಸಬೇಡಿ. ಮಂಚದ ಮೇಲಿನ ಲಾಗವನ್ನು ಮಾತ್ರ ಇವತ್ತೇ ನಿಲ್ಲಿಸಿ.

ನಾನು 24 ವರ್ಷ ಶಾಲೆಯಲ್ಲಿ ಪಿ.ಟಿ. ಮಾಸ್ಟ್ರಾಗಿದ್ದೆ. ಸಂಜೆ ಹೊತ್ತು ಮಕ್ಕಳಿಗೆ ಜಿಮ್ನಾಸ್ಟಿಕ್ಸ್ ಹೇಳಿಕೊಡುತ್ತಿದ್ದೆ. ಆಮೇಲೆ ಶಾಲೆಗಳಿಗೆ ಮ್ಯಾಟು, ಆಟದ ಸಾಮಾನು ಒದಗಿಸುವ ವ್ಯಾಪಾರ ಹಿಡಿದೆ. ಮೊದಲಿನದರಲ್ಲಿ ನಾನು ಕಲಿಸುವವನು. ಎರಡನೆಯದರಲ್ಲಿ ಬಿದ್ದೂ ಬಿದ್ದೂ ಕಲಿತವನು. ನಿಮ್ಮ ಎರಡು ಪ್ರಶ್ನೆ ನನಗೆ ಒಂದೇ ಪ್ರಶ್ನೆಯ ಹಾಗೆ ಕಾಣಿಸುವುದಕ್ಕೆ ಅದೇ ಕಾರಣ ಇರಬೇಕು.

ಉತ್ತರ ನಿಮ್ಮ ಹಪ್ಪಳದ ಚಾಪೆಯ ಮೇಲೇ ಇದೆ. ಬಾಣಲೆಗೆ ಹಾಕಿದ ಹಪ್ಪಳ ಅರಳದೆ ಗಟ್ಟಿಯಾಗಿ ಕೂತರೆ ನೀವು ಏನು ಮಾಡುತ್ತೀರಿ? ಎಣ್ಣೆ ಕಾದಿದೆಯಾ ಎಂದು ಒಮ್ಮೆ ನೋಡುತ್ತೀರಿ. ಎಣ್ಣೆ ಸರಿ ಇದ್ದರೆ ಬಾಣಲೆಗೆ ಬೈಯುತ್ತಾ ಕೂರುವುದಿಲ್ಲ. ಒತ್ತುವಾಗ ನಡು ದಪ್ಪವಾಯಿತಾ, ಬಿಸಿಲು ಒಂದು ದಿನ ಕಮ್ಮಿಯಾಯಿತಾ ಎಂದು ಯೋಚಿಸುತ್ತೀರಿ. ಹಾಕಿದ ತಕ್ಷಣ ಕೆಂಪಾದರೆ ಇನ್ನೂ ಹಿಂದಕ್ಕೆ ಹೋಗುತ್ತೀರಿ. ಹಲಸು ಬೆಳೆದದ್ದೇನೋ ಸರಿ, ಆದರೆ ಹಣ್ಣಿಗೆ ತಿರುಗಿತ್ತು, ಸೊಳೆಗೆ ಸಿಹಿ ಬಂದಿತ್ತು. ತಪ್ಪು ಕಂಡದ್ದು ಬಾಣಲೆಯಲ್ಲಿ, ಆದದ್ದು ಚಾಪೆಯ ಮೇಲೆ, ಅಥವಾ ಮರದ ಬುಡದಲ್ಲೇ. ಇದು ನಿಮಗೆ ಯಾರೂ ಪಾಠ ಮಾಡಿ ಹೇಳಿದ್ದಲ್ಲ. ಕೈಗೆ ಗೊತ್ತು. ಆದರೆ ಮಗಳ ವಿಷಯಕ್ಕೆ, ಸಭೆಯ ವಿಷಯಕ್ಕೆ ಬಂದಾಗ ನೀವು ಬಾಣಲೆಯನ್ನೇ ನೋಡುತ್ತಾ ನಿಂತಿದ್ದೀರಿ.

ನಾನೂ ಹಾಗೆ ನಿಂತಿದ್ದೆ. ಏಳನೇ ಕ್ಲಾಸಿನ ಒಬ್ಬ ಹುಡುಗ, ಗಟ್ಟಿಗ. ಓಡಿಬಂದು, ಪಕ್ಕಕ್ಕೆ ಉರುಳಿ ಎರಡೂ ಕಾಲು ಒಟ್ಟಿಗೆ ಊರುವ ರೌಂಡ್ ಆಫ್ ಹಾಕಿ, ಅದರ ಬೆನ್ನಿಗೇ ಹಿಂದಕ್ಕೆ ಹಾರಿ ಕೈ ಊರಿ ಮತ್ತೆ ಕಾಲ ಮೇಲೆ ಬರುವ ಬ್ಯಾಕ್ ಹ್ಯಾಂಡ್‌ಸ್ಪ್ರಿಂಗ್, ಅಂದರೆ ಕೋಚ್‌ಗಳ ಬಾಯಲ್ಲಿ 'ಫ್ಲಿಕ್', ಹಾಕುವುದನ್ನು ಕಲಿಯುತ್ತಿದ್ದ. ಪ್ರತಿ ಸಲವೂ ಎಡಕ್ಕೆ ವಾಲುತ್ತಿದ್ದ. ನಾನು ಎರಡು ವಾರ 'ಕೈ ನೇರ, ಕೈ ನೇರ' ಎಂದು ಕೂಗಿದೆ. ಅವನೂ ಪಾಪ, ಕೈ ನೇರ ಮಾಡಲು ನೋಡುತ್ತಲೇ ಇದ್ದ. ಒಂದು ದಿನ ಮೊಣಕೈ ಉಳುಕಿತು. ಅದು ನನ್ನ ತಪ್ಪು, ಅವನದಲ್ಲ. ಅವನು ವಿಶ್ರಾಂತಿಯಲ್ಲಿದ್ದಾಗ ನಾನು ಕೂತು ಯೋಚನೆ ಮಾಡಿದೆ. ಫ್ಲಿಕ್ ವಾಲುವುದು ರೌಂಡ್ ಆಫ್ ವಾಲಿದ್ದಕ್ಕೆ. ರೌಂಡ್ ಆಫ್ ವಾಲುವುದು ಯಾಕೆ? ಅದರ ಕೆಳಗಿನ ಮೆಟ್ಟಿಲು ಕಾರ್ಟ್‌ವೀಲ್, ಗಾಲಿಯ ಹಾಗೆ ಪಕ್ಕಕ್ಕೆ ಕೈ ಊರಿ ಉರುಳುವುದು. ಅವನು ವಾಪಸ್ ಬಂದ ಮೇಲೆ ನೆಲದ ಮೇಲೆ ಚಾಕ್‌ಪೀಸಿನಿಂದ ಒಂದು ಗೆರೆ ಎಳೆದು ಬರೀ ಕಾರ್ಟ್‌ವೀಲ್ ಹಾಕಿಸಿದೆ. ಎರಡನೇ ಕೈ ಪ್ರತಿ ಸಲವೂ ಗೆರೆಯಿಂದ ಒಂದು ಗೇಣು ಆಚೆ ಬೀಳುತ್ತಿತ್ತು! ಒಂದು ವಾರ ಗೆರೆಯ ಮೇಲೆ ಕೈ ಇಡುವುದನ್ನೇ ಮಾಡಿದ. ಆಮೇಲೆ ಫ್ಲಿಕ್ ತಾನಾಗಿ ನೇರವಾಯಿತು. ನಾನು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ.

ಅಂದಿನಿಂದ ಒಂದು ಲೆಕ್ಕ ಇಟ್ಟುಕೊಂಡಿದ್ದೇನೆ. ಎಲ್ಲಿ ತಪ್ಪು ಕಾಣಿಸುತ್ತದೋ ಅಲ್ಲಿಂದ ಎರಡು ಮೆಟ್ಟಿಲು ಕೆಳಗೆ ಹೋಗಿ ಹುಡುಕು. ಹತ್ತರಲ್ಲಿ ಏಳೆಂಟು ಸಲ ಅಲ್ಲೇ ಸಿಗುತ್ತದೆ.

ಈಗ ಮಗಳ ವಿಷಯ. ಗೋಡೆಗೆ ಕಾಲು ಆನಿಸಿ ನಿಲ್ಲುವುದು, ಅಂದರೆ ಹ್ಯಾಂಡ್‌ಸ್ಟ್ಯಾಂಡ್, ನೋಡಲು ಬೋರ್. ಆದರೆ ಮುಂದೆ ಬರುವ ಬಹಳಷ್ಟು ವಿದ್ಯೆ ಅದರ ಹೊಟ್ಟೆಯೊಳಗೇ ಇದೆ. ಕಾರ್ಟ್‌ವೀಲ್ ಅಂದರೆ ಪಕ್ಕದಿಂದ ಹಾದುಹೋಗುವ ಹ್ಯಾಂಡ್‌ಸ್ಟ್ಯಾಂಡ್. ಫ್ಲಿಕ್‌ನ ಅರ್ಧ ದಾರಿಯಲ್ಲಿ ಮಗು ಇರುವುದು ಹ್ಯಾಂಡ್‌ಸ್ಟ್ಯಾಂಡಿನಲ್ಲೇ. ಓಡಿಬಂದು ಕೈ ಊರಿ ಹಾರುವ ವಾಲ್ಟಿನ ಮೇಜಿನ ಮೇಲೂ ಅದೇ. ಬಾರ್‌ನಲ್ಲಿ ತೂಗುವಾಗಲೂ ಅದೇ. ಅಲ್ಲಿ ಭುಜ ಕುಸಿದರೆ ಮೇಲಿನದೆಲ್ಲ ಕುಸಿಯುತ್ತದೆ.

ಒಂದು ವಿಷಯ ಮಾತ್ರ ಗಮನಿಸಿ. ಅವಳು ಗೋಡೆಗೆ ಬೆನ್ನು ಹಾಕಿ ನಿಲ್ಲುತ್ತಾಳಾ, ಹೊಟ್ಟೆ ಹಾಕಿಯಾ? ಬೆನ್ನು ಹಾಕಿ ನಿಂತರೆ ಸೊಂಟ ಬಾಗಿ ಬಾಳೆಹಣ್ಣಿನ ಆಕಾರ ಬರುತ್ತದೆ. ಅದು ಸುಲಭ, ಆದರೆ ಕೆಟ್ಟ ಅಭ್ಯಾಸ ಕಲಿಸುತ್ತದೆ. ಗೋಡೆಗೆ ಮುಖ ಮಾಡಿ, ಕಾಲನ್ನು ಮೆಲ್ಲ ಮೆಲ್ಲ ಗೋಡೆಯ ಮೇಲೆ ಹತ್ತಿಸಿ, ಹೊಟ್ಟೆ ಒಳಗೆ ಎಳೆದು, ಕಿವಿಯ ಪಕ್ಕಕ್ಕೆ ಭುಜ ತಂದು ನೆಲವನ್ನು ತಳ್ಳುತ್ತಾ ನಿಲ್ಲಬೇಕು. ಹೀಗೆ ಅಲ್ಲಾಡದೆ 30 ಸೆಕೆಂಡ್ ನಿಂತರೆ ಮುಂದಿನ ಮೆಟ್ಟಿಲು ಎಂಬುದು ನನ್ನ ಅಳತೆ. ಬೇರೆ ಕೋಚ್‌ಗಳ ಅಳತೆ ಬೇರೆ ಇರಬಹುದು. ನಿಂತದ್ದಲ್ಲ, ಬೇಜಾರು ಬರುವಷ್ಟು ಸುಲಭವಾಗಿ ನಿಂತದ್ದು ಲೆಕ್ಕಕ್ಕೆ. ಮೂರು ತಿಂಗಳು ಅದಕ್ಕೆ ಜಾಸ್ತಿಯೇನಲ್ಲ.

ಮೊಬೈಲಿನಲ್ಲಿ ಕಾಣುವ ಹಿಂದಿನ ಲಾಗದ ದಾರಿ ಎಷ್ಟು ಉದ್ದ ಎಂದು ಅವಳಿಗೆ ತೋರಿಸಬೇಕು. ಬೈದರೆ ಕೇಳುವುದಿಲ್ಲ, ದಾರಿ ಕಂಡರೆ ಕೇಳುತ್ತಾಳೆ. ಮೊದಲು ಮುಂದಕ್ಕೆ ಉರುಳುವುದು, ಆಮೇಲೆ ಹಿಂದಕ್ಕೆ ಉರುಳುವುದು. ಬೆನ್ನ ಮೇಲೆ ಮಲಗಿ ತಲೆ, ಕಾಲು ಎರಡನ್ನೂ ಸ್ವಲ್ಪ ಎತ್ತಿ ದೋಣಿಯ ಹಾಗೆ ಹಿಡಿಯುವ 'ಹಾಲೋ ಹೋಲ್ಡ್'. ಬೆನ್ನು ಹಿಂದಕ್ಕೆ ಬಾಗಿಸಿ ಸೇತುವೆಯ ಹಾಗೆ ನಿಲ್ಲುವ, ಕೈ ನೇರವಾಗಿರುವ ಬ್ರಿಡ್ಜ್. ಆಮೇಲೆ ಇಲ್ಲದ ಕುರ್ಚಿಯ ಮೇಲೆ ಕೂರುವ ಹಾಗೆ ಹಿಂದಕ್ಕೆ ಕೂತು, ಎದೆಯೆತ್ತರ ಪೇರಿಸಿದ ಮ್ಯಾಟಿನ ಮೇಲೆ ಬೆನ್ನಡಿ ಹಾರುವುದು. ಇದು ಒಂದು ದೊಡ್ಡ ಮೆಟ್ಟಿಲು. ಹಿಂದೆ ಏನಿದೆ ಎಂದು ಕಣ್ಣಿಗೆ ಕಾಣುವುದಿಲ್ಲ ನೋಡಿ, ದೇಹ ಬೇಡ ಅನ್ನುತ್ತದೆ. ಆ ಭಯ ಸುಳ್ಳಲ್ಲ. ಅದನ್ನು ಬೈದು ಓಡಿಸಲು ಆಗುವುದಿಲ್ಲ. ಮೆತ್ತಗಿನ ಮ್ಯಾಟಿನ ಮೇಲೆ ನೂರು ಸಲ ಬಿದ್ದ ಮೇಲೆ ಅದಾಗಿಯೇ ಕಮ್ಮಿಯಾಗುತ್ತದೆ.

ಅದು ಆದ ಮೇಲೆ ಪೀಪಾಯಿಯ ಹಾಗಿರುವ ದುಂಡು ಮ್ಯಾಟಿನ ಮೇಲೆ ಮೆಲ್ಲ ಹಿಂದಕ್ಕೆ ಹೊರಳುವುದು. ಆಮೇಲೆ ಇಳಿಜಾರು ಮ್ಯಾಟ್. ಮೇಲಿನಿಂದ ಕೆಳಕ್ಕೆ ಫ್ಲಿಕ್ ಹಾಕಿದರೆ ಮಗುವಿನ ಭಾರವೇ ಸಹಾಯಕ್ಕೆ ಬರುತ್ತದೆ. ಆಮೇಲೆ ಸಮತಟ್ಟು ನೆಲ, ಕೋಚಿನ ಎರಡು ಕೈ ಸೊಂಟ ಮತ್ತು ತೊಡೆಯ ಹತ್ತಿರ. ಆಮೇಲೆ ಒಂದು ಕೈ. ಆಮೇಲೆ ಬರೀ ಎರಡು ಬೆರಳು. ಆಮೇಲೆ ಕೋಚ್ ಪಕ್ಕದಲ್ಲಿ ಸುಮ್ನೆ ನಿಲ್ಲುವುದು. ಕೊನೆಗೆ ಒಬ್ಬಳೇ. ನೆಲಕ್ಕೆ ಕೈ ತಾಗದ ಲಾಗ, ಬ್ಯಾಕ್ ಟಕ್, ಇದೆಲ್ಲ ಆದ ಮೇಲಿನ ಮಾತು. ಅದಕ್ಕೆ ಮೇಲಕ್ಕೆ ಹಾರಬೇಕು. ವಿಡಿಯೋ ನೋಡಿ ಕಲಿತ ಮಕ್ಕಳು ತಲೆಯನ್ನು ಹಿಂದಕ್ಕೆ ಎಸೆಯುತ್ತಾರೆ, ಆಗ ಎತ್ತರವೇ ಸಿಗುವುದಿಲ್ಲ. ಎತ್ತರ ಸಿಗದಿದ್ದರೆ ಮೊದಲು ನೆಲಕ್ಕೆ ಬರುವುದು ತಲೆ, ಕುತ್ತಿಗೆ. ಮಂಚದ ಮೇಲೆ ಬೇಡ ಅಂದದ್ದು ಇದಕ್ಕೇ. ಹಾಸಿಗೆ ಮೆತ್ತಗೆ ಇದೆ ಅಂತ ಅನಿಸುತ್ತದೆ, ಆದರೆ ಕಾಲು ಹೂತು ಹಾರಲು ಬಿಡುವುದಿಲ್ಲ. ಮಂಚದ ಅಂಚು, ಪಕ್ಕದ ಗೋಡೆ ಬೇರೆ.

ಮನೆಯಲ್ಲಿ ಏನೂ ಮಾಡಬಾರದು ಎಂದರೆ ಹತ್ತು ವರ್ಷದ ಮಗು ಕೇಳುತ್ತದಾ? ಹಾಲೋ ಹೋಲ್ಡ್ 20 ಸೆಕೆಂಡಿನ ಹಾಗೆ ನಾಲ್ಕು ಸಲ ಮಾಡಲಿ. ಗೋಡೆಗೆ ಹೊಟ್ಟೆ ಹಾಕಿ ನಿಲ್ಲಲಿ. ನೀವು ಗಡಿಯಾರ ಹಿಡಿದು ಕೂತುಕೊಳ್ಳಿ, ಅದೇ ಅವಳಿಗೆ ದೊಡ್ಡ ಬಹುಮಾನ. ಮಣಿಕಟ್ಟು ನೋಯುತ್ತದೆ ಎಂದರೆ ಮಾತ್ರ ಅದೇ ದಿನ ನಿಲ್ಲಿಸಿ ಕೋಚಿಗೆ ಹೇಳಿ. ಈ ವಯಸ್ಸಿನಲ್ಲಿ ಮಣಿಕಟ್ಟಿನ ಹತ್ತಿರ ಎಲುಬು ಇನ್ನೂ ಬೆಳೆಯುತ್ತಿರುತ್ತದೆ. ಜಿಮ್ನಾಸ್ಟಿಕ್ಸಿನಲ್ಲಿ ಕೈಯೇ ಕಾಲಾಗುವುದರಿಂದ ಆ ಜಾಗಕ್ಕೆ ಪೆಟ್ಟು ಜಾಸ್ತಿ. ನೋವು ಒಂದೆರಡು ವಾರ ಇದ್ದರೆ ಎಣ್ಣೆ ತಿಕ್ಕುತ್ತಾ ಕೂರಬೇಡಿ, ಡಾಕ್ಟರಿಗೆ ತೋರಿಸಿ.

ದೀಪಾ ಕರ್ಮಾಕರ್ ಹೆಸರು ಅವಳಿಗೆ ಹೇಳಿ. ತ್ರಿಪುರಾದ ಹುಡುಗಿ. ಆರನೇ ವಯಸ್ಸಿಗೆ ಸೇರಿದಾಗ ಪಾದ ಚಪ್ಪಟೆ. ಹಾರಿ ಇಳಿಯುವವರಿಗೆ ಅದು ದೊಡ್ಡ ತೊಂದರೆ. ಅವರ ಕೋಚ್ ಮೊದಲು ಕೆಲಸ ಮಾಡಿದ್ದು ಆ ಪಾದದ ಮೇಲೆ. 2016ರಲ್ಲಿ ರಿಯೊ ಒಲಿಂಪಿಕ್ಸ್‌ನ ವಾಲ್ಟ್ ಫೈನಲ್‌ನಲ್ಲಿ ದೀಪಾ ಪ್ರೊಡುನೋವಾ ಹಾರಿದರು. ಕೈ ಊರಿ ಚಿಮ್ಮಿ ಗಾಳಿಯಲ್ಲಿ ಎರಡು ಲಾಗ, ಕುರುಡಾಗಿ ಇಳಿಯಬೇಕು. 15.066 ಅಂಕ, ನಾಲ್ಕನೇ ಸ್ಥಾನ. ಪದಕ ತಪ್ಪಿದ್ದು 0.15ರಲ್ಲಿ. ಪಾದದಿಂದ ಪ್ರೊಡುನೋವಾಕ್ಕೆ ಎಷ್ಟು ವರ್ಷ ಎಂದು ಮಗಳೇ ಲೆಕ್ಕ ಹಾಕಲಿ.

ಇನ್ನೊಂದು ಕತೆ ನನಗೆ ಇದಕ್ಕಿಂತ ಇಷ್ಟ. ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ಅವರದ್ದು. 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ವಾಲ್ಟ್ ಹಾರುವಾಗ ಗಾಳಿಯಲ್ಲಿ ತಾನು ಎಲ್ಲಿದ್ದೇನೆ ಎಂಬುದೇ ಅವರಿಗೆ ತಪ್ಪಿಹೋಯಿತು. ಎರಡೂವರೆ ಸುತ್ತು ತಿರುಗಬೇಕಾದಲ್ಲಿ ಒಂದೂವರೆ ತಿರುಗಿ ಹೇಗೋ ಇಳಿದರು. ತಂಡದ ಫೈನಲ್‌ನಿಂದ ಹೊರಬಂದರು. ಇನ್ನೂ ಕೆಲವು ಸ್ಪರ್ಧೆ ಬಿಟ್ಟರು. ಆಮೇಲೆ ಬೀಮ್, ಅಂದರೆ ಕಿರಿದಾದ ತೊಲೆಯ ಮೇಲಿನ ಸ್ಪರ್ಧೆಯ ಫೈನಲ್‌ಗೆ ಮಾತ್ರ ಬಂದರು. ಬೀಮ್‌ನಿಂದ ಇಳಿಯುವಾಗ ತಿರುಗುವ ಭಾಗವನ್ನೇ ತೆಗೆದುಹಾಕಿ, ತಮ್ಮ ಲೆಕ್ಕದಲ್ಲಿ ಸುಲಭದ ಇಳಿತ ಹಾಕಿದರು. ಕಂಚು ಬಂತು. ಲೋಕದಲ್ಲೇ ದೊಡ್ಡ ಜಿಮ್ನಾಸ್ಟ್ ಇಡೀ ಲೋಕದ ಎದುರು ಕೆಳಗಿನ ಮೆಟ್ಟಿಲಿಗೆ ಇಳಿದರು. ನಮ್ಮ ಮಕ್ಕಳಿಗೆ, ನಮಗೂ, ಹಾಗೆ ಇಳಿಯಲು ಏನು ನಾಚಿಕೆ?

ಸರಿ, ಈಗ ನಿಮ್ಮ 40 ಕಾರ್ಡು.

ನಾನು ವ್ಯಾಪಾರಕ್ಕೆ ಇಳಿದ ಹೊಸತರಲ್ಲಿ ಮಂಗಳೂರಿನಲ್ಲಿ ಒಂದು ಸಭೆಗೆ ಹೋಗಿದ್ದೆ. ದೊಡ್ಡ ಹೋಟೆಲು, ಎಸಿ ಹಾಲ್. ನಾನು ಹಂಚಿದ್ದು ನಿಮಗಿಂತ ಜಾಸ್ತಿ, 60 ಕಾರ್ಡು! ಬಸ್ಸಿನಲ್ಲಿ ವಾಪಸ್ ಬರುವಾಗ ಭಾರೀ ಖುಷಿ. ಫೋನ್ ಬಂದದ್ದು ಒಂದು. ಅದೂ ಇನ್ಶೂರೆನ್ಸ್ ಮಾರುವವರದ್ದು. ಕಾರ್ಡಿನ ಡಿಸೈನ್ ಸರಿ ಇಲ್ಲ ಎಂದು ಹೊಸತು ಮಾಡಿಸಿದೆ. ಬಾಣಲೆ ಬದಲಿಸಿದ ಹಾಗೆ. ಆಮೇಲೆ ಆ ಹುಡುಗನ ಕಾರ್ಟ್‌ವೀಲ್ ನೆನಪಾಯಿತು. ಫೋನ್ ಬರಲಿಲ್ಲ ಎಂಬುದು ಮೇಲಿನ ಮೆಟ್ಟಿಲು. ಎರಡು ಕೆಳಗೆ ಇಳಿದು ಕೇಳಿಕೊಂಡೆ: ಆ 60 ಮಂದಿಯಲ್ಲಿ ಎಷ್ಟು ಜನರ ಹೆಸರು ನನಗೆ ನೆನಪಿದೆ? ಮೂರು. ನನಗೇ ಅವರು ನೆನಪಿಲ್ಲದಿದ್ದರೆ ಅವರಿಗೆ ನಾನು ಯಾಕೆ ನೆನಪಿರಬೇಕು? ನೀವೂ ಈಗ ಹಾಗೆ ಎಣಿಸಿ ನೋಡಿ.

ಹಾಗಾದರೆ ಕೆಳಗಿನ ಮೆಟ್ಟಿಲು ಯಾವುದು? ಎಲ್ಲಕ್ಕಿಂತ ಕೆಳಗಿನದು ಬೀಳುವುದು. ಹ್ಯಾಂಡ್‌ಸ್ಟ್ಯಾಂಡ್ ಕಲಿಸುವ ಮೊದಲು ಅದರಿಂದ ಇಳಿಯುವುದನ್ನು ಕಲಿಸುತ್ತೇವೆ: ಒಂದು ಕೈ ಸ್ವಲ್ಪ ಮುಂದಿಟ್ಟು, ಸೊಂಟ ತಿರುಗಿಸಿ, ಪಕ್ಕಕ್ಕೆ ಕಾಲಿಳಿಸುವುದು. ಇಳಿಯುವ ದಾರಿ ಗೊತ್ತಿದ್ದ ಮಗು ಧೈರ್ಯವಾಗಿ ಹತ್ತುತ್ತದೆ. ಸರ್ಕಸ್ಸಿನಲ್ಲೂ ಇದೇ ಪಾಠ. ತಲಶ್ಶೇರಿಯಲ್ಲಿ ಕೀಲೇರಿ ಕುಂಞಿಕಣ್ಣನ್ 1901ರಲ್ಲಿ ಸರ್ಕಸ್ ಶಾಲೆ ಶುರು ಮಾಡಿದರು. ಅವರು ಅಲ್ಲಿ ಬಾಸೆಲ್ ಮಿಶನ್ ಶಾಲೆಯಲ್ಲಿ ಜಿಮ್ನಾಸ್ಟಿಕ್ಸ್ ಕಲಿಸುತ್ತಿದ್ದವರು, ಕೇರಳದ ಯುದ್ಧಕಲೆ ಕಳರಿಯೂ ಬಲ್ಲವರು. ನಮ್ಮ ಕಾಸರಗೋಡಿನಿಂದ ರೈಲಿನಲ್ಲಿ ಹೋಗಿ ಬರುವಷ್ಟು ಹತ್ತಿರದ ಊರು, ನನ್ನ ಕಸುಬಿನವರೇ ಹಾಕಿದ ಬುನಾದಿ ಎಂದು ನನಗೆ ಸ್ವಲ್ಪ ಜಂಬವೂ ಇದೆ. ಸರ್ಕಸ್ಸಿನ ತೂಗುವ ಬಾರ್‌ನಲ್ಲಿ ಹಾರುವವರು ಮೊದಲು ಕಲಿಯುವುದು ಬಲೆಗೆ ಬೀಳುವುದನ್ನು. ಕಾಲಡಿ ಬಿದ್ದರೆ ಕಾಲು ಹೋಗುತ್ತದೆ, ಬೆನ್ನಡಿ ಬೀಳಬೇಕು.

ಸಭೆಯಲ್ಲಿ ನಿಮ್ಮನ್ನು ಬಾಗಿಲ ಹತ್ತಿರ ನಿಲ್ಲಿಸಿದ್ದು ಮಾತು ಶುರು ಮಾಡುವ ಭಯವಲ್ಲ ಎಂದು ನನ್ನ ಊಹೆ. ಶುರುವಾದ ಮಾತಿನಿಂದ ಹೊರಗೆ ಬರುವುದು ಹೇಗೆ ಎಂದು ತಿಳಿಯದ ಭಯ. ಆದ್ದರಿಂದ ಮೊದಲು ಆ ಒಂದು ವಾಕ್ಯ ಕಲಿಯಿರಿ. 'ನಿಮ್ಮ ಹತ್ತಿರ ಮಾತಾಡಿದ್ದು ಸಂತೋಷವಾಯಿತು, ಅಲ್ಲಿ ಇನ್ನೊಬ್ಬರನ್ನು ನೋಡಿ ಬರುತ್ತೇನೆ.' ಇಷ್ಟೇ. ಕನ್ನಡಿ ಎದುರು ಅಲ್ಲ, ಅಂಗಡಿಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಮದುವೆ ಮನೆಯಲ್ಲಿ ಹೇಳಿ ಅಭ್ಯಾಸ ಮಾಡಿ.

ಅದರ ಮೇಲಿನದು ಮಾತಿಲ್ಲದ ವೇಷ. ನಮ್ಮ ತೆಂಕುತಿಟ್ಟಿನ ಯಕ್ಷಗಾನ ಮೇಳದಲ್ಲಿ ಹೊಸ ಹುಡುಗನಿಗೆ ಅರ್ಜುನನ ವೇಷ ಕೊಡುತ್ತಾರಾ? ಪೂರ್ವರಂಗದಲ್ಲಿ ಕೋಡಂಗಿ, ಬಾಲಗೋಪಾಲ. ಕುಣಿದು ಒಳಗೆ ಹೋದರೆ ಆಯಿತು, ಅರ್ಥ, ಅಂದರೆ ಪಾತ್ರದ ಮಾತು, ಹೇಳಲಿಕ್ಕಿಲ್ಲ. ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುವುದು, ದೀಪದ ಎದುರು ಕಣ್ಣು ಕುಕ್ಕದೆ ನಿಲ್ಲುವುದು, ಚೆಂಡೆಯ ಪೆಟ್ಟಿಗೆ ಹೆಜ್ಜೆ ಕೂಡಿಸುವುದು, ಇಷ್ಟು ಮೈಗೆ ಹತ್ತಿದ ಮೇಲೆ ಮಾತು. ದಿಗಿಣ, ಅಂದರೆ ಸುತ್ತಿ ಸುತ್ತಿ ಹಾರುವುದೂ ಹಾಗೆಯೇ, ಹೆಜ್ಜೆ ಗಟ್ಟಿಯಾದ ಮೇಲೆ. ಕುಂಬಳೆ ಸೀಮೆಯವರಾದ ನಿಮಗೆ ಇದನ್ನು ನಾನು ಹೇಳಬೇಕಾ?

ಮುಂದಿನ ಸಭೆಗೆ ನೀವು ಅತಿಥಿಯಾಗಿ ಹೋಗಬೇಡಿ. ನಡೆಸುವವರಿಗೆ ಎರಡು ದಿನ ಮುಂಚೆ ಫೋನ್ ಮಾಡಿ, 'ಹೆಸರು ಬರೆಸಿಕೊಳ್ಳುವ ಟೇಬಲಿನಲ್ಲಿ ನಾನು ಕೂತುಕೊಳ್ಳಲಾ' ಎಂದು ಕೇಳಿ. ಯಾರೂ ಬೇಡ ಅನ್ನುವುದಿಲ್ಲ, ಆ ಕೆಲಸಕ್ಕೆ ಜನ ಸಿಗುವುದೇ ಕಷ್ಟ. ಬಂದವರೆಲ್ಲ ತಾವಾಗಿಯೇ ನಿಮ್ಮ ಹತ್ತಿರ ಬಂದು ಹೆಸರು, ಊರು, ಕೆಲಸ ಹೇಳುತ್ತಾರೆ. ನೀವು ಬರೆದುಕೊಂಡರೆ ಸಾಕು. ಇದೇ ಇಳಿಜಾರು ಮ್ಯಾಟ್. ಇನ್ನೂ ಒಂದು ಇಳಿಜಾರು ನಿಮ್ಮ ಕೈಯಲ್ಲೇ ಇದೆ: ಒಂದು ಡಬ್ಬಿ ಕಾಯಿಸಿದ ಹಪ್ಪಳ ತೆಗೆದುಕೊಂಡು ಹೋಗಿ ಚಾದ ಪಕ್ಕ ಇಡಿ. ಹಪ್ಪಳ ಬಾಯಲ್ಲಿ ಇಟ್ಟುಕೊಂಡು ಯಾರೂ ಗಂಭೀರವಾಗಿ ನಿಲ್ಲಲು ಆಗುವುದಿಲ್ಲ. 'ಯಾರು ಮಾಡಿದ್ದು' ಎಂಬ ಪ್ರಶ್ನೆ ಅವರ ಕಡೆಯಿಂದಲೇ ಬರುತ್ತದೆ.

ಆ ಪ್ರಶ್ನೆಗೆ ಒಂದೇ ಉಸಿರಿನ ಉತ್ತರ ಬೇಕು. ಹೆಚ್ಚಿನವರು ಎಡವುವುದು ಇಲ್ಲಿ. 'ನಾವು ಸಾಂಪ್ರದಾಯಿಕ ಗುಣಮಟ್ಟದ ಆಹಾರ ಉತ್ಪನ್ನಗಳನ್ನು' ಎಂದು ಶುರು ಮಾಡಿದರೆ ಕೇಳುವವರ ಕಣ್ಣು ಬೇರೆ ಕಡೆ ಹೋಗುತ್ತದೆ. 'ನಾನು ಹಲಸಿನ ಹಪ್ಪಳ ಮಾಡುತ್ತೇನೆ. ಇಷ್ಟು ಅಂಗಡಿಗೆ ಹೋಗುತ್ತದೆ. ಮಳೆಗಾಲಕ್ಕೆ ಮುಂಚೆ ಕಾಸರಗೋಡು ಪೇಟೆಯಲ್ಲಿ ಎರಡು ಅಂಗಡಿ ಹುಡುಕುತ್ತಿದ್ದೇನೆ.' ಏನು ಮಾಡುತ್ತೀರಿ, ಎಷ್ಟು, ಈಗ ಏನು ಬೇಕು. ಇದನ್ನು ಮಗಳಿಗೆ ಒಮ್ಮೆ ಹೇಳಿ, ಮರುದಿನ ಅವಳ ಬಾಯಲ್ಲಿ ಹೇಳಿಸಿ. ಅವಳು ತಪ್ಪಿಲ್ಲದೆ ಹೇಳಿದರೆ ನಿಮ್ಮ ವಾಕ್ಯ ಸರಿ ಇದೆ. ಯಾಕೆಂದರೆ ನಿಮಗೆ ಬೇಕಾದದ್ದು ಕೇಳಿದವರು ಅಲ್ಲ, ಕೇಳಿ ಇನ್ನೊಬ್ಬರಿಗೆ ಹೇಳುವವರು.

ಮಲಯಾಳಕ್ಕೂ ಇದೇ ಮದ್ದು. ಇಡೀ ಭಾಷೆಗೆ ಹೆದರಬೇಡಿ, ಮೂರು ವಾಕ್ಯ ಮಾತ್ರ ಕಲಿಯಿರಿ. 'ಞಾನ್ ಚಕ್ಕ ಪಪ್ಪಡಂ ಉಂಡಾಕ್ಕುನ್ನು', ಅಂದರೆ ನಾನು ಹಲಸಿನ ಹಪ್ಪಳ ಮಾಡುತ್ತೇನೆ, ಎಂದು ಶುರು ಮಾಡಿ. ನಾಲ್ಕನೇ ವಾಕ್ಯಕ್ಕೆ ನಾಲಿಗೆ ತೊಡರಿದರೆ 'ನನ್ನದು ಕನ್ನಡ' ಎಂದು ನಕ್ಕುಬಿಡಿ. ನಮ್ಮ ಜಿಲ್ಲೆಯಲ್ಲಿ ತುಳು, ಕನ್ನಡ, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ ಎಲ್ಲ ಒಂದೇ ಬಸ್ಸಿನಲ್ಲಿ ಹೋಗುತ್ತವೆ. ತಡವರಿಸುವವರನ್ನು ಕಂಡು ಇಲ್ಲಿ ಯಾರೂ ಬೆರಗಾಗುವುದಿಲ್ಲ. ಇನ್ನು ಚಕ್ಕ ಅಂದರೆ ಅವರಿಗೂ ಪ್ರೀತಿಯೇ. 2018ರಲ್ಲಿ ಕೇರಳ ಸರಕಾರ ಹಲಸನ್ನು ರಾಜ್ಯದ ಹಣ್ಣು ಎಂದು ಸಾರಿತಲ್ಲ.

ನಿಜವಾದ ಕೆಲಸ ಇರುವುದು ಆ ರಾತ್ರಿ ಮನೆಗೆ ಬಂದ ಮೇಲೆ. ನಿಮ್ಮ ಕತೆಯಲ್ಲಿ ಕಾಣೆಯಾಗಿರುವ ಮೆಟ್ಟಿಲೂ ಇದೇ. ಒಂದು ನೋಟ್‌ಬುಕ್ ಇಡಿ. ಮಲಗುವ ಮೊದಲು ಮೂರೇ ಮಂದಿಯ ಬಗ್ಗೆ ಎರಡೆರಡು ಸಾಲು ಬರೆಯಿರಿ: ಹೆಸರು, ಊರು, ಅವರು ಹೇಳಿದ ಒಂದು ವಿಷಯ. 'ಉಪ್ಪಳ, ಬೇಕರಿ, ಮಗನಿಗೆ ಪರೀಕ್ಷೆ', ಹೀಗೆ. ಎರಡು ದಿನದೊಳಗೆ ವಾಟ್ಸಾಪಿನಲ್ಲಿ ಒಂದು ಸಾಲು, ಅವರ ವಿಷಯದ ಬಗ್ಗೆ, ನಿಮ್ಮ ಹಪ್ಪಳದ ಬಗ್ಗೆ ಅಲ್ಲ. ಗುಡ್ ಮಾರ್ನಿಂಗ್ ಹೂವಿನ ಚಿತ್ರ ದಯವಿಟ್ಟು ಬೇಡ! ಆಮೇಲೆ ಅವರಿಗೆ ಉಪಯೋಗಕ್ಕೆ ಬರುವ ಏನಾದರೂ ಒಂದು ಸಣ್ಣದು: ಪ್ಯಾಕಿಂಗ್ ಕವರ್ ಕಮ್ಮಿಗೆ ಸಿಗುವ ಜಾಗ, ಒಳ್ಳೆ ಎಲೆಕ್ಟ್ರಿಷಿಯನ್ ನಂಬರು. ಅದಾದ ಮೇಲೆ ಸಣ್ಣ ಕೇಳಿಕೆ. ಆರ್ಡರ್ ಅಲ್ಲ, ಸಲಹೆ. 'ನಿಮ್ಮ ಅಂಗಡಿಯಲ್ಲಿ 200 ಗ್ರಾಂ ಕಟ್ಟು ಹೋಗುತ್ತದಾ, ಅರ್ಧ ಕಿಲೋದ್ದಾ?' ಎಂದು ಕೇಳಿ. ಉತ್ತರ ಕೊಟ್ಟವರಿಗೆ ನಿಮ್ಮ ಹಪ್ಪಳದಲ್ಲಿ ಸ್ವಲ್ಪ ಪಾಲು ಬಂದ ಹಾಗೆ. ಆರ್ಡರ್ ಕೇಳುವುದು ಇದರ ಮೇಲಿನ ಮೆಟ್ಟಿಲು. ಕಾರ್ಡು ಹಂಚುವಾಗ ನೀವು ನೇರ ಅಲ್ಲಿಗೆ ಹಾರಿದ್ದಿರಿ, ಮಗಳು ಮಂಚದಿಂದ ಹಾರಿದ ಹಾಗೆ.

ಯಾರನ್ನು ಪರಿಚಯ ಮಾಡಿಕೊಳ್ಳಬೇಕು ಎಂಬುದಕ್ಕೆ ಸ್ವಲ್ಪ ಲೆಕ್ಕ ಇದೆ. ಮಾರ್ಕ್ ಗ್ರಾನೊವೆಟರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು 1973ರಲ್ಲಿ ಒಂದು ಪ್ರಬಂಧ ಬರೆದರು. ಪರಿಚಯದವರ ಮೂಲಕ ಕೆಲಸ ಸಿಕ್ಕಿದವರನ್ನು ಅವರು ಕೇಳಿದ್ದರು, ನಿಮಗೆ ಸುದ್ದಿ ಕೊಟ್ಟವರನ್ನು ನೀವು ಎಷ್ಟು ಸಲ ನೋಡುತ್ತಿದ್ದಿರಿ ಎಂದು. ಆಗಾಗ ನೋಡುತ್ತಿದ್ದೆವು ಎಂದವರು 100ರಲ್ಲಿ ಸುಮಾರು 17. ಯಾವಾಗಲಾದರೊಮ್ಮೆ ಎಂದವರು 56ರ ಹತ್ತಿರ. ಅಪರೂಪಕ್ಕೆ ಎಂದವರು 28. ಕಾರಣ ಸರಳ. ನಿಮ್ಮ ಅತ್ತಿಗೆ, ನಾದಿನಿಗೆ ಗೊತ್ತಿರುವುದು ನಿಮಗೆ ಆಗಲೇ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ಬೇರೆ ವಲಯದಲ್ಲಿ ಓಡಾಡುವವರಿಂದ. 2022ರಲ್ಲಿ ಸಂಶೋಧಕರು ಲಿಂಕ್ಡ್‌ಇನ್ ಎಂಬ ಉದ್ಯೋಗದ ಜಾಲತಾಣದ ಎರಡು ಕೋಟಿ ಜನರ ಐದು ವರ್ಷದ ಲೆಕ್ಕ ಹಿಡಿದು ಮತ್ತೆ ನೋಡಿದರು. ತೀರಾ ಆಪ್ತರೂ ಅಲ್ಲ, ತೀರಾ ದೂರದವರೂ ಅಲ್ಲ, ನಡುವಿನ ಪರಿಚಯಸ್ಥರಿಂದ ಹೆಚ್ಚು ಪ್ರಯೋಜನ ಎಂದು ಕಂಡಿತು.

ನಮ್ಮೂರಿನಲ್ಲಿ ಆ ನಡುವಿನವರು ಯಾರು? ಎಸಿ ಹಾಲಿನಲ್ಲಿ ಟೈ ಕಟ್ಟಿದವರಲ್ಲ. ಮದುವೆ, ಬ್ರಹ್ಮಕಲಶ, ತಂಬಿಲ ಎಂದು ಮನೆ ಮನೆ ಸುತ್ತುವ ಅಡುಗೆಯವರು. ಶಾಮಿಯಾನ, ಪಾತ್ರೆ ಬಾಡಿಗೆಗೆ ಕೊಡುವವರು. ಅಡಿಕೆ ಸಾಗಿಸುವ ಪಿಕಪ್ಪಿನ ಡ್ರೈವರು. ಬೆಳಿಗ್ಗೆ ಕುಂಬಳೆ, ಮಧ್ಯಾಹ್ನ ಮುಳ್ಳೇರಿಯ, ಸಂಜೆ ಪೆರ್ಲ ಎಂದು ತಿರುಗುವ ಇವರಿಗೆ ತುಳುವರ ಮನೆಯೂ ಗೊತ್ತು, ಮಾಪಿಳ್ಳೆಯವರ ಮದುವೆಯೂ ಗೊತ್ತು, ಭಟ್ರ ಉಪನಯನವೂ ಗೊತ್ತು. ಒಬ್ಬ ಒಳ್ಳೆ ಅಡುಗೆಯವರ ಬಾಯಲ್ಲಿ 'ಹಪ್ಪಳಕ್ಕೆ ಅವರನ್ನು ಕೇಳಿ' ಎಂದು ಬಂದರೆ ನಿಮಗೆ 40 ಕಾರ್ಡು ಬೇಡ. ಸಣ್ಣದು ಎಂದು ಅನಿಸಿದರೆ ಇದನ್ನೂ ಕೇಳಿ. ರೋಟರಿ ಶುರುವಾದದ್ದು 1905ರಲ್ಲಿ ಶಿಕಾಗೋದಲ್ಲಿ, ನಾಲ್ಕೇ ಜನರಿಂದ. ಒಬ್ಬೊಬ್ಬರ ಆಫೀಸಿನಲ್ಲಿ ಸರದಿಯಂತೆ, ಅಂದರೆ ರೊಟೇಷನ್ನಿನಲ್ಲಿ, ಸೇರುತ್ತಿದ್ದರು, ಹೆಸರು ಬಂದದ್ದೂ ಅದರಿಂದಲೇ.

ಮುಂದಿನ ಸಲ ಒಬ್ಬರೇ ಹೋಗಬೇಡಿ. ಪರಿಚಯದವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ಅವರೇ ನಿಮ್ಮನ್ನು ಪರಿಚಯಿಸಲಿ. ಅದು ಕೋಚಿನ ಎರಡು ಕೈ. ಆದರೆ ಅಲ್ಲಿಂದ ಮೂರನೇ ಸಭೆಗೆ ಅವರು ಹಾಲಿನ ಆಚೆ ಬದಿಯಲ್ಲಿ ಇರಲಿ. ಕೋಚಿನ ಕೈಗೆ ಅಂಟಿಕೊಂಡ ಮಕ್ಕಳನ್ನು ನಾನು ತುಂಬಾ ನೋಡಿದ್ದೇನೆ. ಕೈ ತೆಗೆದ ದಿನ ನಿಂತಲ್ಲೇ ನಿಲ್ಲುತ್ತಾರೆ. ತಪ್ಪು ಕೈ ಕೊಟ್ಟದ್ದಲ್ಲ, ಮೆಲ್ಲ ಮೆಲ್ಲ ಕಮ್ಮಿ ಮಾಡದೇ ಇದ್ದದ್ದು.

ಎರಡರಲ್ಲೂ ಎಲ್ಲವೂ ಒಂದೇ ಎಂದು ತಿಳಿಯಬೇಡಿ, ಅಷ್ಟು ಮರುಳು ನಾನಲ್ಲ. ಬೀಮ್ ಯಾವತ್ತೂ 10 ಸೆಂಟಿಮೀಟರ್ ಅಗಲವೇ ಇರುತ್ತದೆ, ಸೋಮವಾರ ಒಂದು ಮಂಗಳವಾರ ಒಂದು ಆಗುವುದಿಲ್ಲ. ಜನ ಆಗುತ್ತಾರೆ. ಹ್ಯಾಂಡ್‌ಸ್ಟ್ಯಾಂಡನ್ನು ಸಾವಿರ ಸಲ ಒಂದೇ ಥರ ಮಾಡಿದರೆ ಒಳ್ಳೆಯದು. ಅದೇ ಪರಿಚಯದ ವಾಕ್ಯವನ್ನು ಸಾವಿರ ಸಲ ಒಂದೇ ಥರ ಹೇಳಿದರೆ ರೇಡಿಯೋ ಜಾಹೀರಾತು ಆಗುತ್ತದೆ. ಇನ್ನೊಂದು, ಜಿಮ್ನಾಸ್ಟಿಕ್ಸಿನಲ್ಲಿ ಮೆಟ್ಟಿಲು ಹಾರಿಸಿದರೆ ಎಲುಬು ಮುರಿಯುತ್ತದೆ. ವ್ಯಾಪಾರದಲ್ಲಿ ಕೆಲವು ಸಲ ಯಾರೋ ನೆಂಟರು ನಿಮ್ಮನ್ನು ಎತ್ತಿ ನೇರ ನಾಲ್ಕನೇ ಮೆಟ್ಟಿಲಿನಲ್ಲಿ ಕೂರಿಸುತ್ತಾರೆ, ದೊಡ್ಡ ಆರ್ಡರ್ ಸಿಕ್ಕಿಬಿಡುತ್ತದೆ. ಬೇಡ ಅನ್ನಬೇಡಿ, ತೆಗೆದುಕೊಳ್ಳಿ. ಅಷ್ಟು ಹಪ್ಪಳಕ್ಕೆ ಚಾಪೆ, ಬಿಸಿಲು, ಕೈ ಇದೆಯಾ ಎಂದು ಮಾತ್ರ ಒಪ್ಪುವ ಮೊದಲೇ ಎಣಿಸಿ.

ಈ ವಾರಕ್ಕೆ ಇಷ್ಟು ಸಾಕು. ಮಗಳು ಗೋಡೆಗೆ ಹೊಟ್ಟೆ ಹಾಕಿ ನಿಂತ ಒಂದು ಫೋಟೋ ನನಗೆ ಕಳಿಸಿ. ಪಕ್ಕದಿಂದ ತೆಗೆಯಿರಿ, ಭುಜ ಕಾಣಬೇಕು. ನಿಮ್ಮ ನೋಟ್‌ಬುಕ್ಕಿನಲ್ಲಿ ಮೊದಲ ಮೂರು ಹೆಸರು ಬರೆದ ದಿನವೂ ತಿಳಿಸಿ. ಹಾಗೆಯೇ ಎರಡು ಕಟ್ಟು ಹಪ್ಪಳ ಬಸ್ಸಿನಲ್ಲಿ ಹಾಕಿ, ದುಡ್ಡು ಗೂಗಲ್ ಪೇ ಮಾಡುತ್ತೇನೆ. ಖಾರದ್ದು ಇದ್ದರೆ ಒಂದು ಖಾರದ್ದೇ ಇರಲಿ.